ಮದ್ದೂರಿನ ಕುದುರೆಗಳು, ನನ್ನ ಬಲಗೈ

ಮೊದಲ ಗುಂಡು ಕುದುರೆಯ ಕಣ್ಣಿನ ಕೆಳಗೆ ಬಿತ್ತು. ಬೀಳಬೇಕಾಗಿದ್ದ ಜಾಗಕ್ಕಿಂತ ಅರ್ಧ ಗೇಣು ಕೆಳಗೆ. ಕುದುರೆ ಸಾಯಲಿಲ್ಲ. ಅದು ಕೂಗಿದ ಕೂಗಿಗೆ ಹಗ್ಗ ಹಿಡಿದಿದ್ದ ನಾಲ್ವರಲ್ಲಿ ಇಬ್ಬರು ಕೈಬಿಟ್ಟು ಓಡಿದರು. ಉಳಿದಿಬ್ಬರನ್ನು ಎಳೆದುಕೊಂಡು ಅದು ಶಿಂಷಾ ಹೊಳೆಯ ದಂಡೆಯವರೆಗೂ ಹೋಯಿತು. ಹಿಂದೆಯೇ ಓಡಿ ಇನ್ನೂ ಮೂರು ಗುಂಡು ಹೊಡೆದೆ. ನಾಲ್ಕನೆಯದಕ್ಕೆ ಬಿತ್ತು.

ಅದು ಯುದ್ಧದ ಕಾಲ. ನಾನು ಮಳವಳ್ಳಿಯ ದನದ ಆಸ್ಪತ್ರೆಯಲ್ಲಿ ಡಾಕ್ಟರಾಗಿದ್ದೆ. ಮದ್ದೂರಿನ ಡಾಕ್ಟರು ಸೈನ್ಯದ ಹೇಸರಗತ್ತೆಗಳನ್ನು ನೋಡಿಕೊಳ್ಳಲು ಹೋಗಿದ್ದರಿಂದ ಆ ತಾಲ್ಲೂಕೂ ನನ್ನ ತಲೆಗೇ ಬಂದಿತ್ತು. ಪೆಟ್ರೋಲು ಸಿಗುತ್ತಿರಲಿಲ್ಲ. ಬಸ್ಸುಗಳು ಹಿಂದೆ ಇದ್ದಿಲ ಒಲೆ ಕಟ್ಟಿಕೊಂಡು, ಏರು ಬಂದಲ್ಲಿ ಜನರನ್ನು ಇಳಿಸಿ ತಳ್ಳಿಸಿಕೊಂಡು ಓಡಾಡುತ್ತಿದ್ದವು. ಹಾಗಾಗಿ ಮದ್ದೂರು ರೈಲು ನಿಲ್ದಾಣದ ಮುಂದಿನ ಜಟಕಾಗಳಿಗೆ ಬಿಡುವೇ ಇರಲಿಲ್ಲ. ಅಂಥ ಹೊತ್ತಿನಲ್ಲಿ ಆ ಕುದುರೆಗಳಿಗೆ ಗ್ಲ್ಯಾಂಡರ್ಸ್ ಬಂತು. ಮೂಗಿನಲ್ಲಿ ಅಂಟಂಟು ಸಿಂಬಳ, ಮೈಮೇಲೆ ಒಡೆಯುವ ಗಂಟು. ಅದಕ್ಕೆ ಆಗ ಮದ್ದಿರಲಿಲ್ಲ. ಮನುಷ್ಯರಿಗೂ ಅಂಟುವ ರೋಗ, ಅಂಟಿದರೆ ಅವರಿಗೂ ಮದ್ದಿರಲಿಲ್ಲ. ಪರೀಕ್ಷೆಯ ಮದ್ದನ್ನು ಕುದುರೆಯ ಕೆಳರೆಪ್ಪೆಗೆ ಚುಚ್ಚಿ ಎರಡು ದಿನ ಕಾಯುತ್ತಿದ್ದೆವು. ಕಣ್ಣು ಊದಿ ಕೀವು ಬಂದರೆ ರೋಗ ಇದೆ ಎಂದರ್ಥ. ಆಮೇಲೆ ಕಾನೂನಿನಲ್ಲಿ ಇದ್ದದ್ದು ಒಂದೇ ದಾರಿ, ಗುಂಡು ಹೊಡೆದು ಆಳವಾಗಿ ಹೂಳುವುದು.

ಆ ಕುದುರೆಯ ಹೆಸರು ಕೆಂದ. ಅದರ ಒಡತಿ ಗಂಡ ಸತ್ತ ಮೇಲೆ ಎರಡು ಜಟಕಾಗಳನ್ನು ತಾನೇ ನಡೆಸುತ್ತಿದ್ದ ಐವತ್ತರ ಆಸುಪಾಸಿನ ಹೆಂಗಸು. ಹಲಗೂರು ಅವಳ ತೌರು. ಕುದುರೆ ಬಿದ್ದ ಮೇಲೆ ಅವಳು ನನ್ನ ಹತ್ತಿರ ಬಂದಳು. ಅಳುತ್ತಿರಲಿಲ್ಲ.

"ಕೊಲ್ಲಾದು ನಿನ್ ಕೆಲ್ಸ ಅಂದೆ, ಒಪ್ಕಂಡೆ. ನೆಟ್ಟಗೆ ಕೊಲ್ಲಕ್ ಬರ್ದೆ ಇದ್ಮೇಲೆ ಯಾಕಪ್ಪ ಬಂದೆ?"

ಏನಾದರೂ ಹೇಳಿದ್ದರೆ ಅದು ತಪ್ಪನ್ನು ಹಗ್ಗದವರ ಮೇಲೆ ಹಾಕುವ ಮಾತಾಗಿರುತ್ತಿತ್ತು.

"ಅಲಗೂರ್ನಲ್ಲಿ ದಫೇದಾರ್ರು ಅವ್ರೆ. ಕುದ್ರೆ ದಂಡ್ನಲ್ಲಿದ್ದೋರು. ಓಗಿ ಕಲ್ತ್ಕ ಓಗು," ಎಂದು ಹೇಳಿ ಸೆರಗು ಬಿಗಿದುಕೊಂಡು ಹೊರಟುಹೋದಳು.

ಮಾರನೆಯ ಬೆಳಿಗ್ಗೆ ಪರೀಕ್ಷೆಯ ಮದ್ದು ಹಿಡಿದು ನಿಲ್ದಾಣದ ಮುಂದೆ ಹೋದೆ. ಹಿಂದಿನ ದಿನ ಎಂಟು ಜಟಕಾ ನಿಂತಿದ್ದ ಜಾಗದಲ್ಲಿ ನಾಲ್ಕಿದ್ದವು. ಉಳಿದವು ಎಲ್ಲಿ ಎಂದರೆ ಯಾರೂ ಬಾಯಿ ಬಿಡಲಿಲ್ಲ. ಒಬ್ಬ ಮಾತ್ರ, "ನೆಂಟ್ರ ಮನೆಗ್ ಓಗವೆ ಸ್ವಾಮಿ," ಎಂದ. ಉಳಿದವರು ನಕ್ಕರು. ಬಚ್ಚಿಟ್ಟ ನಾಲ್ಕರಲ್ಲಿ ಒಂದಕ್ಕೆ ರೋಗವಿದ್ದರೂ ಅದು ಹೋದ ಊರಿಗೆಲ್ಲ ಹಬ್ಬುತ್ತಿತ್ತು. ಅವರು ಕುದುರೆಯನ್ನು ಬಚ್ಚಿಟ್ಟದ್ದು ಕಾನೂನಿಗೆ ಹೆದರಿ ಅಲ್ಲ, ನನ್ನ ಕೈಗೆ ಹೆದರಿ.

ಇನ್ನೊಂದು ವಿಷಯವಿತ್ತು. ಕೆಂದನ ಜೊತೆ ಒಂದೇ ಲಾಯದಲ್ಲಿ ಕಟ್ಟುತ್ತಿದ್ದ, ಅದೇ ಒಡತಿಯ ಬೂದಿ ಎಂಬ ಹೆಣ್ಣುಕುದುರೆಗೆ ಮೊದಲ ಪರೀಕ್ಷೆಯಲ್ಲಿ ಏನೂ ಕಂಡಿರಲಿಲ್ಲ. ಆದರೆ ರೋಗದ ಕುದುರೆಯ ಜೊತೆಗಿದ್ದದ್ದನ್ನು ಮೂರು ವಾರ ಬಿಟ್ಟು ಮತ್ತೆ ಪರೀಕ್ಷಿಸಬೇಕು ಎಂಬುದು ನಿಯಮ. ಎರಡೂ ಒಂದೇ ತೊಟ್ಟಿಯಲ್ಲಿ ನೀರು ಕುಡಿದಿದ್ದವು. ಫಲ ಏನು ಬರಬಹುದು ಎಂದು ನನಗೆ ಹೆಚ್ಚುಕಡಿಮೆ ಗೊತ್ತಿತ್ತು. ಅಂದರೆ ನನ್ನ ಕೈ ನೆಟ್ಟಗಾಗಲು ಇದ್ದದ್ದು ಮೂರು ವಾರ.

ದಫೇದಾರರು ಅರವತ್ತು ದಾಟಿದ, ಒಣಕಲು ಮೈಯ ಮನುಷ್ಯ. ಹಲಗೂರಿನ ಹೊರಗೆ ಎರಡು ಎಕರೆ ಹಿಪ್ಪುನೇರಳೆ ಬೆಳೆದುಕೊಂಡಿದ್ದರು. ನಡೆದದ್ದನ್ನು ನಾನು ಹೇಳುವ ಮೊದಲೇ ಅವರಿಗೆ ಸುದ್ದಿ ಬಂದಿತ್ತು. ಬೈಯಲೂ ಇಲ್ಲ, ಸಮಾಧಾನವನ್ನೂ ಹೇಳಲಿಲ್ಲ.

"ಎಷ್ಟ್ ಗುಂಡವೆ ನಿಮ್ತಾವ?" ಎಂದು ಕೇಳಿದರು.

ಇಲಾಖೆ ಕೊಟ್ಟಿದ್ದ ಇಪ್ಪತ್ತರಲ್ಲಿ ನಾಲ್ಕು ಕೆಂದನಿಗೆ ಹೋಗಿ ಹದಿನಾರು ಉಳಿದಿದ್ದವು. ಕೆಲಸಕ್ಕೆಂದು ಆರನ್ನು ತೆಗೆದಿಟ್ಟರೆ ಅಭ್ಯಾಸಕ್ಕೆ ಹತ್ತು. ಇನ್ನಷ್ಟು ಬೇಕೆಂದು ಬರೆದಿದ್ದೇನೆ ಎಂದೆ. ಆ ಕಾಗದಕ್ಕೆ ಮುಂದಿನ ವಾರ ಉತ್ತರ ಬಂತು. ಯುದ್ಧ ಮುಗಿಯುವವರೆಗೆ ಕೇಳಬೇಡಿ ಎಂದಿತ್ತು.

"ಅತ್ತು ಗುಂಡೇ ಸಾಕು ಬುಡಿ," ಎಂದರು ದಫೇದಾರರು. "ಗುಂಡಿಲ್ದೆ ಕಲೀಬೇಕಾದ್ದೇ ಎಚ್ಚು."

ಅವರ ಹೊಲದ ಪಕ್ಕದಲ್ಲಿ ಇಟ್ಟಿಗೆಗೆ ಮಣ್ಣು ತೆಗೆದ ದೊಡ್ಡ ಗುಂಡಿ ಇತ್ತು. ಅದರ ಮಣ್ಣಗೋಡೆ ಎರಡಾಳೆತ್ತರ. ಗುಂಡು ತಪ್ಪಿದರೂ ಆಚೆ ಹೋಗುವಂತಿರಲಿಲ್ಲ. ಅಲ್ಲಿ ಒಂದು ಕಾಗದ ಅಂಟಿಸಿ, ನಡುವೆ ಇದ್ದಿಲಿನಿಂದ ಚುಕ್ಕೆ ಇಟ್ಟು, ನನ್ನನ್ನು ಹದಿನೈದು ಹೆಜ್ಜೆ ದೂರದಲ್ಲಿ ನಿಲ್ಲಿಸಿದರು. ಕುದುರೆಗೆ ಹೊಡೆಯುವುದು ಕೈಯಳತೆಯಲ್ಲಿ ಅಲ್ಲವೇ, ಇಷ್ಟು ದೂರ ಯಾಕೆ ಎಂದು ಕೇಳಿದೆ.

"ಅತ್ರದಲ್ಲಿ ನಿಮ್ ತಪ್ಪು ನಿಮ್ಗೆ ಕಾಣಾಕಿಲ್ಲ. ಕುದ್ರೆಗ್ ಮಾತ್ರ ಗೊತ್ತಾಯ್ತದೆ. ದೂರದಿಂದ ಒಡುದ್ರೆ ಕಾಗ್ದ ಏಳ್ತದೆ."

ಎರಡು ಗುಂಡು ಹೊಡೆದೆ. ಕಾಗದಕ್ಕೆ ಒಂದೂ ತಾಗಲಿಲ್ಲ. ಎರಡೂ ಅದರ ಕೆಳಗಿನ ಮಣ್ಣಿನಲ್ಲಿ ಹೂತಿದ್ದವು. ದಫೇದಾರರು ಹೋಗಿ ಆ ತೂತುಗಳಿಗೆ ಬೆರಳಿಟ್ಟು ನೋಡಿದರು.

"ಎರಡೂ ಕೆಳ್ಗೇ ಓಗವೆ. ಒಳ್ಳೇದು. ಒಂದೊಂದು ಒಂದೊಂದ್ ಕಡೆ ಓಗಿದ್ರೆ ಕಷ್ಟ ಇತ್ತು."

ಆಮೇಲಿನ ಹತ್ತು ದಿನ ನಾನು ಒಂದು ಗುಂಡನ್ನೂ ಹೊಡೆಯಲಿಲ್ಲ. ವಾರಕ್ಕೆರಡು ಸಲ ಬಸ್ಸಿನಲ್ಲಿ ಹಲಗೂರಿಗೆ ಹೋಗುತ್ತಿದ್ದೆ. ಉಳಿದ ದಿನಗಳಲ್ಲಿ ಬೆಳಿಗ್ಗೆ ಆಸ್ಪತ್ರೆಯ ಬಾಗಿಲು ತೆಗೆಯುವ ಮುಂಚೆ ಹಿಂದಿನ ಕೋಣೆಯಲ್ಲಿ ಒಂದು ಗಂಟೆ. ಮೊದಲು ಹಿಡಿತ. ರಿವಾಲ್ವರಿನ ಹಿಡಿಯನ್ನು ಕೈಯೊಳಗೆ ಎಷ್ಟು ಮೇಲಕ್ಕೆ ಆಗುತ್ತದೋ ಅಷ್ಟು ಮೇಲಕ್ಕೆ ಕೂರಿಸಬೇಕು, ನಳಿಗೆ ಮುಂಗೈಯ ನೇರಕ್ಕೆ ಬರಬೇಕು. ಹಿಂಡಬಾರದು. ಎಷ್ಟು ಬಿಗಿ ಎಂದು ಕೇಳಿದರೆ, "ಕರುವ್ನ ಕೊಳ್ಳಗ್ಗ ಇಡ್ಕಂಡಂಗೆ. ಓಗ್ಬಾರ್ದು, ಉಸ್ರೂ ಕಟ್ಬಾರ್ದು," ಎಂದರು. ಎಡಗೈಯನ್ನು ಬಲಗೈಯ ಕೆಳಗೆ ಆನಿಸಿಕೊಳ್ಳಿ ಎಂದೂ ಹೇಳಿದರು. ಪುಸ್ತಕದ ಚಿತ್ರದಲ್ಲಿ ಒಂದೇ ಕೈಯಲ್ಲಿ ಹಿಡಿದಿದ್ದಾರಲ್ಲ ಎಂದೆ. "ಇದೇನ್ ಪರೇಡಾ?" ಎಂದರು.

ಆಮೇಲೆ ನೋಟ. ನಳಿಗೆಯ ತುದಿಯಲ್ಲಿ ಒಂದು ಸಣ್ಣ ಮೊನೆ ಇರುತ್ತದೆ, ದಂಡಿನವರು ಅದನ್ನು ಮಕ್ಕಿ ಅನ್ನುತ್ತಾರೆ. ಹಿಂದೆ ಒಂದು ಕಚ್ಚು. ಮಕ್ಕಿ ಕಚ್ಚಿನ ನಡುವೆ ಕೂರಬೇಕು. ನಾನು ಇಷ್ಟು ದಿನ ಗುರಿಯನ್ನು ನೋಡುತ್ತಿದ್ದೆ, ಮಕ್ಕಿ ಮಸುಕಾಗಿರುತ್ತಿತ್ತು. ಅದು ತಿರುಗಾಮುರುಗಾ ಆಗಬೇಕಿತ್ತು. ಮಕ್ಕಿ ಸ್ಪಷ್ಟವಾಗಿರಬೇಕು, ಗುರಿ ಮಸುಕಾದರೂ ಚಿಂತೆಯಿಲ್ಲ. ಕಣ್ಣಿಗೆ ಇದನ್ನು ಒಪ್ಪಿಸಲು ನನಗೆ ನಾಲ್ಕು ದಿನ ಬೇಕಾಯಿತು.

ಕುದುರೆಯನ್ನು, ಅಂದರೆ ರಿವಾಲ್ವರಿನ ಹಿಂದಿನ ಸುತ್ತಿಗೆಯನ್ನು, ಮೊದಲೇ ಹೆಬ್ಬೆರಳಿನಿಂದ ಹಿಂದಕ್ಕೆ ಎತ್ತಿಟ್ಟುಕೊಂಡರೆ ಟ್ರಿಗರಿನ ಕೀಲನ್ನು ಸ್ವಲ್ಪವೇ ಒತ್ತಿದರೆ ಸಾಕು. ಕೀಲನ್ನು ಬೆರಳ ಮಡಿಕೆಯಿಂದಲ್ಲ, ತುದಿಯ ಮೆತ್ತೆಯಿಂದ, ನೇರ ಹಿಂದಕ್ಕೆ ಒತ್ತಬೇಕು. ಖಾಲಿ ತೋಟಾಗಳನ್ನು ತುಂಬಿ, ನಳಿಗೆಯ ಮೇಲೆ ಒಂದು ಹುಣಸೆ ಬೀಜ ಇಟ್ಟು ಒತ್ತಿಸುತ್ತಿದ್ದರು. ಬೀಜ ಬೀಳಬಾರದು. ಮೊದಲ ದಿನ ಪ್ರತಿ ಸಲವೂ ಬಿತ್ತು. ಎಂಟನೆಯ ದಿನದ ಹೊತ್ತಿಗೆ ಹತ್ತರಲ್ಲಿ ಒಂಬತ್ತು ಸಲ ನಿಲ್ಲುತ್ತಿತ್ತು. ಕೈಗೆ ಕಸುವು ಬರಲೆಂದು ನೀರು ತುಂಬಿದ ಚೊಂಬನ್ನು ಕೈ ಚಾಚಿ ಹಿಡಿದು ನಿಲ್ಲುವುದನ್ನೂ ಹೇಳಿದ್ದರು. ಅದನ್ನು ನೋಡಿದ ಆಸ್ಪತ್ರೆಯ ಜವಾನ, ಡಾಕ್ಟರು ಏನೋ ಹರಕೆ ಹೊತ್ತಿದ್ದಾರೆ ಎಂದು ಊರಲ್ಲಿ ಹೇಳಿಕೊಂಡು ಬಂದ.

ಎಷ್ಟು ಮಾಡಿದರೂ ಮಕ್ಕಿ ಮಾತ್ರ ನಿಲ್ಲುತ್ತಿರಲಿಲ್ಲ, ಸಣ್ಣಗೆ ಅಲುಗುತ್ತಲೇ ಇತ್ತು. ಅದು ನಿಂತ ಕ್ಷಣ ನೋಡಿ ಒತ್ತಿಬಿಡೋಣ ಎಂದು ಕಾಯುತ್ತಿದ್ದೆ. ಒಂದು ದಿನ ದಫೇದಾರರಿಗೆ ನನ್ನ ಕೈ ನಡುಗುತ್ತದೆ, ಈ ಕೆಲಸಕ್ಕೆ ನಾನು ಲಾಯಕ್ಕಲ್ಲ ಎಂದು ಹೇಳಿಯೂಬಿಟ್ಟೆ.

"ನಡುಗ್ಲಿ ಬುಡಿ. ಬದುಕಿರೋ ಕೈ ಅಲ್ವಾ, ನಡುಗ್ತದೆ. ಆ ನಡುಕದಲ್ಲಿ ಗುಂಡು ಒಂದ್ ಬೆರಳು ಅತ್ತಿತ್ತ ಓಯ್ತದೆ, ಅಷ್ಟೆಯ. ನಿಂತಾಗ ಒತ್ಬುಡ್ತೀನಿ ಅಂತ ಬಡುದ್ಬುಡ್ತೀರಲ್ಲ, ಅದ್ರಲ್ಲಿ ಅರ್ಧ ಗೇಣ್ ಓಯ್ತದೆ."

ಅರ್ಧ ಗೇಣು ಎಂದ ಕೂಡಲೇ ನನಗೆ ಕೆಂದನ ಕಣ್ಣು ಕಂಡಿತು. ಅವರು ಬೇಕೆಂದೇ ಆ ಮಾತು ಹೇಳಿದರೋ ಇಲ್ಲವೋ, ನಾನು ಕೇಳಲಿಲ್ಲ.

ಹನ್ನೊಂದನೆಯ ದಿನ ನಿಜವಾದ ಗುಂಡು. ಹುಣಸೆ ಬೀಜ ನಿಲ್ಲಿಸಿದ ಹೆಮ್ಮೆ ನನ್ನಲ್ಲಿತ್ತು. ದಫೇದಾರರು ರಿವಾಲ್ವರನ್ನು ನನಗೆ ಕಾಣದಂತೆ ತುಂಬಿ ಕೈಗೆ ಕೊಟ್ಟರು. ಮೊದಲ ಸಲ ಗುಂಡು ಹಾರಿತು, ಮತ್ತೆ ಕಾಗದದ ಕೆಳಗೇ ಬಿತ್ತು. ಎರಡನೆಯ ಸಲ ಒತ್ತಿದಾಗ ಟಿಕ್ ಎಂಬ ಸದ್ದು ಮಾತ್ರ ಬಂತು. ಅದು ಖಾಲಿ ತೋಟಾ. ಆದರೆ ನಳಿಗೆಯ ಮೂತಿ ಯಾರಿಗೋ ನಮಸ್ಕಾರ ಮಾಡುವಂತೆ ಕೆಳಕ್ಕೆ ಬಾಗಿತ್ತು. ನನ್ನ ಕಣ್ಣಾರೆ ನೋಡಿದೆ.

"ಗುಂಡೇ ಇಲ್ವಲ್ಲ ಡಾಕ್ಟ್ರೆ, ಮತ್ಯಾಕ್ ಬಗ್ತು ಅದು?"

ಸದ್ದು ಬರುತ್ತದೆ, ಕೈಗೆ ಒದೆ ಬೀಳುತ್ತದೆ ಎಂದು ಮೈ ಮೊದಲೇ ಹೆದರಿ ರಿವಾಲ್ವರನ್ನು ಕೆಳಕ್ಕೆ ತಳ್ಳುತ್ತಿತ್ತು. ಖಾಲಿ ಎಂದು ಗೊತ್ತಿದ್ದಾಗ ತಳ್ಳುತ್ತಿರಲಿಲ್ಲ, ಹಾಗಾಗಿಯೇ ಬೀಜ ನಿಂತದ್ದು. ಕಣ್ಣನ್ನೂ ಮೊದಲೇ ಮುಚ್ಚುತ್ತಿದ್ದೆ ಎಂದು ಪಕ್ಕದಲ್ಲಿ ನಿಂತಿದ್ದ ಅವರು ಹೇಳಿದರು. ನನಗೆ ಅದು ಗೊತ್ತೇ ಇರಲಿಲ್ಲ. ಅವತ್ತು ಮಧ್ಯಾಹ್ನವೆಲ್ಲ ಅದೇ ಆಟ. ಯಾವ ತೋಟಾದಲ್ಲಿ ಗುಂಡಿದೆ, ಯಾವುದು ಖಾಲಿ ಎಂದು ತಿಳಿಯದೆ ಒತ್ತುವುದು. ನಲವತ್ತು ಸಲ ಒತ್ತಿದ್ದರೆ ಹಾರಿದ ಗುಂಡು ಮೂರೇ. ಅರ್ಧ ಉಸಿರು ಬಿಟ್ಟು, ಉಳಿದದ್ದನ್ನು ಹಿಡಿದು, ಯಾವಾಗ ಹಾರುತ್ತದೆಂದು ನನಗೇ ತಿಳಿಯದಷ್ಟು ನಿಧಾನವಾಗಿ ಒತ್ತಬೇಕು. ಮೂರನೆಯ ಗುಂಡು ಹಾರಿದಾಗ ನಾನು ನಿಜವಾಗಿ ಬೆಚ್ಚಿದೆ. ಅದು ಚುಕ್ಕೆಯಿಂದ ಎರಡು ಬೆರಳು ದೂರದಲ್ಲಿತ್ತು.

"ಬೆಚ್ಚುದ್ರಲ್ಲ, ಈಗ ಸರ್ಯಾಗ್ ಒಡುದ್ರಿ," ಎಂದರು.

ಇಲ್ಲಿಗೆ ಮುಗಿಯಿತು ಎಂದುಕೊಂಡಿದ್ದೆ. ಮೂರನೆಯ ವಾರದ ಆರಂಭದಲ್ಲಿ ಆಸ್ಪತ್ರೆಯ ಬೀರು ತೆಗೆದಾಗ ರಬ್ಬರ್ ಕೈಗವಸುಗಳು ಕಂಡವು. ಆ ರೋಗದ ಕುದುರೆಯ ಹತ್ತಿರ ಬರಿಗೈಯಲ್ಲಿ ಹೋಗುವಂತಿರಲಿಲ್ಲ. ಕೆಂದನ ದಿನವೂ ಹಾಕಿದ್ದೆ. ಅಭ್ಯಾಸವನ್ನೆಲ್ಲ ಬರಿಗೈಯಲ್ಲಿ ಮಾಡಿದ್ದೆ! ಹಾಕಿಕೊಂಡು ನೋಡಿದರೆ ಕೀಲು ಎಲ್ಲಿದೆ ಎಂದೇ ಬೆರಳಿಗೆ ತಿಳಿಯುತ್ತಿರಲಿಲ್ಲ. ಹಲಗೂರಿಗೆ ಹೋಗಿ ಎರಡು ಗುಂಡು ಹೊಡೆದೆ, ಎರಡೂ ಬಲಕ್ಕೆ ಹೋದವು. ದಫೇದಾರರಿಗೆ ಮೊದಲ ಸಲ ಸಿಟ್ಟು ಬಂತು. "ಇದ್ನ ಮೊದ್ಲೇ ಏಳ್ಬಾರ್ದಾ?" ಎಂದರು. ಮತ್ತೆ ಹುಣಸೆ ಬೀಜದಿಂದ ಶುರು. ಆಸ್ಪತ್ರೆಯಲ್ಲಿ ಕಾಗದ ಬರೆಯುವಾಗಲೂ ಕೈಗವಸು ಹಾಕಿಕೊಂಡೇ ಇರುತ್ತಿದ್ದೆ.

ಕೊನೆಯ ಅಭ್ಯಾಸದ ದಿನಕ್ಕೆ ಅವರು ಗೋಣಿತಟ್ಟಿನ ಮೇಲೆ ಇದ್ದಿಲಿನಿಂದ ಕುದುರೆಯ ಮುಖವನ್ನು ನಿಜದ ಅಳತೆಯಲ್ಲಿ ಬರೆದಿದ್ದರು. ಬಲಗಣ್ಣಿನಿಂದ ಎಡಗಿವಿಯ ಬುಡಕ್ಕೆ ಒಂದು ಗೆರೆ, ಎಡಗಣ್ಣಿನಿಂದ ಬಲಗಿವಿಗೆ ಇನ್ನೊಂದು. ಅವೆರಡು ಕೂಡುವ ಜಾಗಕ್ಕಿಂತ ಒಂದು ಬೆರಳು ಮೇಲೆ ಗುರಿ. ಅದರ ಹಿಂದಿರುವ ಮಿದುಳು ಒಂದು ಕಿತ್ತಳೆ ಹಣ್ಣಿನಷ್ಟಿರುತ್ತದೆ. ನನ್ನನ್ನು ಒಂದು ಮಾರು ದೂರದಲ್ಲಿ ನಿಲ್ಲಿಸಿದರು.

ಆಗ ಗುಂಡಿಯ ಅಂಚಿನಲ್ಲಿ ಬೂದಿಯ ಒಡತಿ ಬಂದು ನಿಂತಿದ್ದಳು. ತೌರಿಗೆ ಬಂದಿದ್ದಳಂತೆ. ಇಳಿದು ಬಂದು ಚಿತ್ರ ನೋಡಿ, "ಇದೇನು ಕತ್ತೇನಾ?" ಎಂದಳು. ದಫೇದಾರರು ಮುಖ ತಿರುಗಿಸಿಕೊಂಡರು.

"ಒಡಿ, ನೋಡಾನ," ಎಂದಳು ನನಗೆ.

ಮೂರು ಗುಂಡು ಉಳಿದಿದ್ದವು. ಮೊದಲೆರಡು ಗುರಿಯಿಟ್ಟ ಜಾಗದಲ್ಲೇ ಬಿದ್ದವು. ಅವಳು ನೋಡುತ್ತಿದ್ದಾಳೆ, ಇದೂ ಅಲ್ಲೇ ಬೀಳಲಿ ಎಂದುಕೊಂಡು ಒತ್ತಿದ ಮೂರನೆಯದು ಮೂಗಿನ ಕಡೆಗೆ ಇಳಿಯಿತು. ಅವಳು ಹತ್ತಿರ ಹೋಗಿ ಆ ತೂತನ್ನೇ ನೋಡಿದಳು.

"ಇದು?"

"ಅದು ನನ್ನ ತಪ್ಪಮ್ಮ. ಅವಸರ ಪಟ್ಟೆ. ಅವತ್ತೂ ಹೀಗೇ ಆದದ್ದು. ಹಗ್ಗದವರ ತಪ್ಪಲ್ಲ."

"ಅಂಗಾರೆ ಅವ್ಸರ ಪಡ್ಬ್ಯಾಡ. ಎಷ್ಟೊತ್ತಾದ್ರೂ ಆಗ್ಲಿ, ನಾನ್ ನಿಂತಿರ್ತೀನಿ," ಎಂದಳು. ಎರಡನೆಯ ಪರೀಕ್ಷೆ ಇನ್ನೂ ಆಗಿರಲಿಲ್ಲ. ಆದರೂ ಏನಾಗುತ್ತದೆಂದು ಅವಳಿಗೂ ಗೊತ್ತಿತ್ತು.

ಪರೀಕ್ಷೆ ಮಾಡಿದ ಎರಡನೆಯ ದಿನ ಬೂದಿಯ ಕಣ್ಣು ಮುಚ್ಚಿಕೊಳ್ಳುವಷ್ಟು ಊದಿತ್ತು. ರೆಪ್ಪೆಯ ಮೂಲೆಯಲ್ಲಿ ಕೀವು. ನಾನು ಒಡತಿಯ ಕಡೆ ತಿರುಗಿದಾಗ ಅವಳು, "ನಂಗೂ ಕಣ್ಣವೆ," ಎಂದಳು.

ಹೊಳೆದಂಡೆಯ ಹತ್ತಿರ ಗುಂಡಿ ತೋಡಿಸಿ ಸುಣ್ಣ ತರಿಸಿದ್ದೆ. ಮಾರನೆಯ ಬೆಳಿಗ್ಗೆ ಅಮಲ್ದಾರರು ಸಾಕ್ಷಿಗೆ ಬಂದರು. ಅವರಿಗೆ ಬೆಂಗಳೂರಿನ ರೈಲು ಹಿಡಿಯಬೇಕಿತ್ತು. ಹಗ್ಗಕ್ಕೆ ನಾಲ್ವರು ಆಳುಗಳೂ ಸಿದ್ಧವಾಗಿ ನಿಂತಿದ್ದರು. ಕೆಂದನಿಗೆ ಮಾಡಿದಂತೆ ಮೂಗಿಗೆ ಉರುಲು ಹಾಕಿ, ನಾಲ್ಕೂ ಕಡೆ ಎಳೆದು ಹಿಡಿಯಬೇಕು ಎಂದು ನನ್ನ ಪುಸ್ತಕ ಹೇಳುತ್ತಿತ್ತು. ಹಾಗೆ ಹಿಡಿದರೆ ಕುದುರೆ ಹೆದರುತ್ತದೆ, ಹೆದರಿದ ಕುದುರೆ ತಲೆ ಒದರುತ್ತದೆ, ಅದು ಒದರುವಾಗ ನಾನು ಅವಸರ ಪಡುತ್ತೇನೆ. ಗೋಣಿತಟ್ಟಿನ ಮುಂದೆ ನಿಂತಾಗಿನಿಂದ ಇದೇ ನನ್ನ ತಲೆಯಲ್ಲಿತ್ತು. ಆಳುಗಳಿಗೆ ದೂರ ಹೋಗಲು ಹೇಳಿದೆ.

"ಏನ್ರೀ ಇದು, ಹಿಡಿಯೋರಿಲ್ಲದೆ?" ಎಂದರು ಅಮಲ್ದಾರರು.

"ಹಿಡಿಯೋದು ಬೇಡ ಸಾರ್. ತಿನ್ನಲಿ."

ಬೂದಿಯ ಹಗ್ಗವನ್ನು ಒಂದು ಗೂಟಕ್ಕೆ ಸಡಿಲವಾಗಿ ಕಟ್ಟಿಸಿದೆ. ಒಡತಿ ಬೇಯಿಸಿದ ಹುರುಳಿಯ ಕುಕ್ಕೆಯನ್ನು ಅದರ ಮುಂದಿಟ್ಟು ಹಿಂದೆ ಸರಿದಳು. ಕುದುರೆ ತಲೆ ಬಗ್ಗಿಸಿ ತಿನ್ನತೊಡಗಿತು. ನಾನು ಕೈಗವಸು ಹಾಕಿ, ಮೂಗು ಬಾಯಿಗೆ ಬಟ್ಟೆ ಕಟ್ಟಿ, ಗಾಳಿ ನನ್ನ ಬೆನ್ನಿಗಿರುವಂತೆ ಒಂದು ಮಾರು ದೂರದಲ್ಲಿ ನಿಂತು ಸುತ್ತಿಗೆ ಎತ್ತಿಟ್ಟುಕೊಂಡೆ. ಅದು ಅಗಿಯುತ್ತಾ ತಲೆ ಎತ್ತಬೇಕು, ಹಣೆ ನನ್ನ ಕಡೆಗಿರಬೇಕು, ಮೂತಿ ಸ್ವಲ್ಪ ಕೆಳಗಿರಬೇಕು. ಆಗ ಗುಂಡು ಮಿದುಳಿನ ಮೂಲಕ ಕತ್ತಿನ ಕಡೆಗೆ ಇಳಿಯುತ್ತದೆ.

ತಲೆ ಎತ್ತಿತು. ಮಕ್ಕಿ ಕೂತಿತು. ಒತ್ತತೊಡಗಿದೆ. ಅಷ್ಟರಲ್ಲಿ ನೊಣವೊಂದು ಕೂತು ಅದು ಕಿವಿ ಕೊಡವಿತು. ರಿವಾಲ್ವರ್ ಕೆಳಗಿಳಿಸಿದೆ.

ಎರಡನೆಯ ಸಲ ಎತ್ತಿದಾಗ ಕುದುರೆ ಅಲುಗಲಿಲ್ಲ. ನನ್ನ ಬೆರಳೇ ಆತುರಪಡುತ್ತಿರುವುದು ಗೊತ್ತಾಯಿತು. ಮತ್ತೆ ಇಳಿಸಿದೆ.

ಹಿಂದಿನಿಂದ ಅಮಲ್ದಾರರು, "ರೈಲಿಗೆ ಹೊತ್ತಾಯ್ತು ಡಾಕ್ಟರೇ. ಮುಗಿಸ್ರಿ," ಎಂದರು.

"ತಾವು ಹೊರಡಿ ಸಾರ್. ಆಮೇಲೆ ಬಂದು ರುಜು ಹಾಕಿದರೂ ಆಗುತ್ತೆ. ನನಗೆ ಇನ್ನೂ ಸ್ವಲ್ಪ ಹೊತ್ತು ಬೇಕು."

ನನ್ನ ನೌಕರಿಯಲ್ಲಿ ಒಬ್ಬ ಅಧಿಕಾರಿಗೆ ನಾನು ಆಡಿದ್ದ ಮಾತುಗಳಲ್ಲಿ ಅದು ಅತಿ ಒರಟಾದದ್ದು. ಅವರು ಹೋಗಲಿಲ್ಲ.

ಬೂದಿ ಇನ್ನೆರಡು ಬಾಯಿ ತಿಂದು ತಲೆ ಎತ್ತಿತು. ಅರ್ಧ ಉಸಿರು ಬಿಟ್ಟೆ. ಮಕ್ಕಿ ಸಣ್ಣಗೆ ಅಲುಗುತ್ತಿತ್ತು, ಅಲುಗಲಿ ಎಂದು ಬಿಟ್ಟೆ. ಒತ್ತುತ್ತಾ ಹೋದೆ. ಸದ್ದಿಗೆ ನಾನೇ ಬೆಚ್ಚಿದೆ. ಕುದುರೆಯ ನಾಲ್ಕೂ ಕಾಲು ಒಂದೇ ಸಲ ಮಡಚಿಕೊಂಡು, ನಿಂತಲ್ಲೇ ಕುಸಿಯಿತು. ಬಾಯಲ್ಲಿ ಹುರುಳಿ ಇನ್ನೂ ಇತ್ತು. ಸ್ವಲ್ಪ ಕಾದು, ಉದ್ದನೆಯ ಕಡ್ಡಿಯ ತುದಿಯಿಂದ ಕಣ್ಣು ಮುಟ್ಟಿ ನೋಡಿದೆ. ರೆಪ್ಪೆ ಮಿಟುಕಲಿಲ್ಲ. ಎರಡನೆಯ ಗುಂಡು ಬೇಕಾಗಲಿಲ್ಲ.

ಅಮಲ್ದಾರರು ರುಜು ಹಾಕಿ ಹೊರಟರು. ಆಳುಗಳು ಸುಣ್ಣ ಸುರಿದು ಮಣ್ಣು ಮುಚ್ಚುವವರೆಗೂ ಒಡತಿ ಹುಣಸೆ ಮರದ ಕೆಳಗೆ ಕೂತಿದ್ದಳು. ಕೈ ತೊಳೆಯಲು ಕಾರ್ಬಾಲಿಕ್ ನೀರು ಕೊಡಲು ಹೋದೆ.

"ನೋವಾಯ್ತಾ ಅದ್ಕೆ?"

"ಇಲ್ಲಮ್ಮ. ಸದ್ದು ಕೂಡ ಕೇಳಿಸಿರಲಿಕ್ಕಿಲ್ಲ."

"ಕೆಂದನ್ಗೆ?"

ಇಲ್ಲ ಎನ್ನಬಹುದಿತ್ತು. "ಆಯ್ತು," ಎಂದೆ.

"ಊಂ. ಆಯ್ತು." ಅವಳು ಮೊಣಕೈವರೆಗೂ ಕೈ ತೊಳೆದು ಸೆರಗಿಗೆ ಒರೆಸಿಕೊಂಡಳು. ಆಮೇಲೆ ಎದ್ದು ನಿಂತಳು. "ಬಚ್ಚಿಟ್ಟಿರೋ ಕುದ್ರೆ ಎಲ್ಡು ಒಳಲಲ್ಲಿ ಅವೆ, ಕಬ್ಬಿನ್ ಗದ್ದೆ ಒಳ್ಗೆ. ಒಂದು ಬಸ್ರಾಳಲ್ಲಿ ಅದೆ. ಇನ್ನೊಂದು ಇಲ್ಲೇ, ಆಚೆ ದಡ್ದಲ್ಲಿ ಅದೆ. ಬಾ, ನಾನೂ ಬತ್ತೀನಿ. ನಾನೇಳುದ್ರೆ ಈಚ್ಗೆ ತತ್ತಾರೆ."

ಆ ವಾರ ಅವಳು ನನ್ನ ಜೊತೆ ಆ ನಾಲ್ಕು ಕುದುರೆಗಳ ಹತ್ತಿರಕ್ಕೂ ಬಂದಳು. ನಾನು ಯಾವ ಮಾಲೀಕನ ಜೊತೆಗೂ ಮಾತಾಡಬೇಕಾಗಲಿಲ್ಲ. ಅವಳು ಕೊಟ್ಟಿಗೆಯ ಬಾಗಿಲಲ್ಲಿ ನಿಂತು, "ಈಚ್ಗ್ ತಾರ್ಲಾ, ನಾನ್ ನೋಡಿವ್ನಿ," ಎನ್ನುತ್ತಿದ್ದಳು, ಅಷ್ಟೆ. ಮೂರು ಕುದುರೆಗಳಲ್ಲಿ ಏನೂ ಕಾಣಲಿಲ್ಲ, ಮೂರು ವಾರದ ನಂತರವೂ ಕಾಣಲಿಲ್ಲ. ಹೊಳಲಿನ ಒಂದರ ಕಣ್ಣು ಊದಿತು. ಅದರ ಮಾಲೀಕ ಗಟ್ಟಿಮುಟ್ಟಾದ ಆಳು. ನಿಲ್ದಾಣದಲ್ಲಿ ನನ್ನನ್ನು ನೋಡಿ ನಕ್ಕವರಲ್ಲಿ ಅವನೂ ಒಬ್ಬ. ಕುದುರೆಯ ಕಣ್ಣನ್ನೂ ನನ್ನ ಚೀಲವನ್ನೂ ನೋಡಿದ. ಒಳಗೆ ಹೋಗಿ ತಾನೇ ಹುರುಳಿ ತುಂಬಿದ ಕುಕ್ಕೆ ತಂದ.

"ಆಯಮ್ಮನ್ ಕುದ್ರೆಗ್ ಮಾಡ್ದಂಗೆ ಮಾಡಿ ಸ್ವಾಮಿ," ಎಂದ.

ಹಾಗೇ ಮಾಡಿದೆ.